ತಲೆ ಎಣಿಸದ ಕೋಚ್

ಬೆಳಿಗ್ಗೆ ಚಳ್ಳಕೆರೆ ಬಸ್ ನಿಲ್ದಾಣದ ಎದುರು ಒಬ್ಬಾಕೆ ಹೊಸ ಕಂಬಳಿಗಳನ್ನು ಹರವಿಕೊಂಡು ಕೂತಿದ್ದಳು. ಒಂದನ್ನು ಕೈಗೆತ್ತಿಕೊಂಡೆ. ಹುಣಸೆ ಬೀಜದ ಗಂಜಿ ಕುಡಿದು ಬಿರುಸಾದ ಉಣ್ಣೆಯ ವಾಸನೆಯನ್ನು ನೀವು ಬಲ್ಲಿರಾದರೆ ನಾನು ಹೇಳಬೇಕಾದ್ದೇನೂ ಇಲ್ಲ. ಅರಿಯದವರಿಗೆ ಹೇಳಿ ತಿಳಿಸಲೂ ಆಗದು.

"ತಗಣಂಗಿದ್ರೆ ಮೂಸಪ್ಪ, ಇಲ್ಲಾಂದ್ರೆ ಇಡು," ಎಂದಳು.

ಇಟ್ಟೆ. ಒಮಾನಿನ ಸೆಖೆಯಲ್ಲಿ ಕಂಬಳಿ ಹೊದೆಯುವವರು ಯಾರು? ಒಮಾನಿಗೆ ಮತ್ತೆ ಹೋಗುತ್ತೇನೆಯೇ ಎಂಬುದೇ ಗೊತ್ತಿರಲಿಲ್ಲ, ಆ ಮಾತು ಬೇರೆ.

ಅಲ್ಲಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿಗೆ ನಾನು ಕೋಚ್. ಅದಕ್ಕೂ ಮುಂಚೆ ಆಟಗಾರ. ಹಾಗೆ ಹೇಳಿಕೊಳ್ಳುವಾಗ ಕೊಂಚ ಅಳುಕುತ್ತದೆ. ವಿಶ್ವವಿದ್ಯಾಲಯದ ತಂಡ, ಆಮೇಲೆ ಬೆಂಗಳೂರಿನ ಒಂದು ಕಾರ್ಖಾನೆಯ ತಂಡ, ಆಮೇಲೆ ಮೊಣಕಾಲು. ಮೊಣಕಾಲು ಹೋದ ಮೇಲೆ ಎಲ್ಲರೂ ಕೋಚ್‌ಗಳೇ. ಒಮಾನಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿ ಒಬ್ಬನೇ ಬದುಕಿದೆ. ಸಂಜೆ ಆಟಗಾರರು ಮನೆಗೆ ಹೋದರೆ ಕನ್ನಡದಲ್ಲಿ ಮಾತಾಡಲು ಇದ್ದದ್ದು ಡೈರಿಯೊಂದೇ. ಅದೂ ಈಚೆಗೆ ನನ್ನ ಮಾತು ನಂಬುವಂತೆ ಕಾಣುವುದಿಲ್ಲ.

ಕೋಚ್ ಆಗಿ ನನಗೊಂದು ಹೆಮ್ಮೆಯಿತ್ತು: ನಾನು ತಲೆ ಎಣಿಸುವುದಿಲ್ಲ. ಹಾಜರಿ ಪುಸ್ತಕವಿಲ್ಲ. ಇದನ್ನು ಕಲಿತದ್ದು ಕುರಿ ಕಾಯುತ್ತಿದ್ದ ಕೊಂಡ್ಲಹಳ್ಳಿಯ ದೊಡ್ಡಪ್ಪನಿಂದ. ಎಣಿಸಿದರೆ ಕುರಿ ಕಡಿಮೆಯಾಗುತ್ತವೆ ಎಂಬುದು ನಮ್ಮವರ ನಂಬಿಕೆ. ಸಂಜೆ ಕುರಿಗಳು ಹಟ್ಟಿಗೆ ನುಗ್ಗುವಾಗ ಅವನು ಬಾಗಿಲಲ್ಲಿ ಕೋಲೂರಿ ನಿಂತು ಸುಮ್ಮನೆ ನೋಡುತ್ತಿದ್ದ. "ಕಿವಿ ಹರಿದದ್ದು ಬಂದಿಲ್ಲ" ಎಂದು ಗುಡ್ಡದ ಕಡೆ ಹೊರಟುಬಿಡುತ್ತಿದ್ದ. ಬಂದವರನ್ನಲ್ಲ, ಬಾರದವರನ್ನು ಕಾಣುವ ಕಣ್ಣು. ಹೀಗೊಂದು ವಾಕ್ಯ ಕಟ್ಟಿ ಒಮಾನಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಅವರು ತಲೆದೂಗುತ್ತಿದ್ದರು. ನನಗದು ಸಾಕಾಗುತ್ತಿತ್ತು.

ಹೋದ ತಿಂಗಳು ದೂರದಲ್ಲೊಂದು ಪಂದ್ಯ ಸೋತು ಬರುತ್ತಿದ್ದೆವು. ಮರಳುಗಾಡಿನ ನಡುವಿನ ಪೆಟ್ರೋಲ್ ಬಂಕಿನಲ್ಲಿ ಬಸ್ ನಿಂತಿತು. ಇಳಿದವರು ಹತ್ತಿದರು. ಒಮ್ಮೆ ಕಣ್ಣಾಡಿಸಿ ಚಾಲಕನಿಗೆ ಹೊರಡು ಎಂದೆ. ನಲವತ್ತು ನಿಮಿಷದ ಮೇಲೆ ಯಾರೋ ಕೇಳಿದರು: ನಾಸರ್ ಎಲ್ಲಿ?

ನಾಸರ್ ನಮ್ಮ ಎರಡನೇ ಗೋಲ್‌ಕೀಪರ್. ಮೂವತ್ತು ದಾಟಿದವನು, ಎರಡು ವರ್ಷದಿಂದ ಬೆಂಚಿನ ಮೇಲೇ ಕೂತವನು. ಬಸ್ ತಿರುಗಿಸಿದೆವು. ಬಂಕಿನ ಗೋಡೆಯ ನೆರಳಲ್ಲಿ ಕೈಗವಸು ತೊಟ್ಟು ಕೂತಿದ್ದ. ಕೈಗವಸು ನಿಜವೋ, ನಾನು ಆಮೇಲೆ ತೊಡಿಸಿದ್ದೋ ತಿಳಿಯದು. ಏನೂ ಹೇಳದೆ ಹತ್ತಿದ. ನಾನೂ ಏನೂ ಹೇಳಲಿಲ್ಲ. ಕ್ಲಬ್ಬಿನವರು ನನ್ನನ್ನು ರಜೆಯ ಮೇಲೆ ಕಳಿಸಿದರು. ಲಿಖಿತ ವಿವರಣೆ ಬರಲಿ, ಕರಾರು ಮುಂದುವರಿಸುವ ಮಾತು ಆಮೇಲೆ ಎಂದರು.

ವಿವರಣೆಯ ಮೊದಲ ಸಾಲು ಸಿದ್ಧವಿತ್ತು: 'ನಮ್ಮ ಕಡೆ ಎಣಿಸುವ ಪದ್ಧತಿಯಿಲ್ಲ.' ಇವತ್ತು ಮಧ್ಯಾಹ್ನ ಕೊಂಡ್ಲಹಳ್ಳಿಯಲ್ಲಿ ದೊಡ್ಡಪ್ಪನಿಗೆ ನಡೆದದ್ದನ್ನೆಲ್ಲ ಹೇಳಿ, ಅದನ್ನು ಓದಿ ತೋರಿಸಿದೆ.

"ಯಾವೋನ್ಲೇ ನಿಂಗೆ ಹೇಳಿದ್ದು?"

"ನಾನೇ ಕಣ್ಣಾರೆ ನೋಡೀನಲ್ಲ."

"ಏನ್ ನೋಡೀಯೋ ಮುಠ್ಠಾಳ. ದಿನಾ ಎಣಿಸ್ತಿದ್ದೆ. ಒಂದು ಕಮ್ಮಿ ಬಂದ್ರೆ ಆಮೇಲೆ ಯಾವ್ದು ಅಂತ ಹುಡುಕೋದು."

"ಎಣಿಸಬಾರ್ದು ಅಂತಿದ್ಯಲ್ಲ?"

"ಅದಕ್ಕೇ ಬಾಯಾಗೇ ಎಣಿಸ್ತಿದ್ದೆ, ಅದೂ ತೆಲುಗಿನಾಗೆ. ನಮ್ಮ ಕುರಿಗೆ ತೆಲುಗು ಬರಲ್ಲ." ನಗಲು ಹೋಗಿ ಕೆಮ್ಮಿದ. "ಅಷ್ಟು ಜೀವ ಐತೆ, ನಾನ್ ಎಣಿಸ್ದಿದ್ರೆ ತೋಳ ಎಣಿಸ್ತಿತ್ತು."

ಅವನ ತುಟಿ ಅಲುಗುತ್ತಿದ್ದುದು ನನಗೆ ನೆನಪಿದೆ. ದೇವರ ಹೆಸರು ಹೇಳುತ್ತಿದ್ದಾನೆ ಎಂದುಕೊಂಡಿದ್ದೆ. ನೋಡಿ, ನೆನಪು ತುಟಿಯನ್ನು ಸರಿಯಾಗಿಯೇ ಇಟ್ಟುಕೊಂಡಿತ್ತು. ಅರ್ಥವನ್ನು ಮಾತ್ರ ತನಗೆ ಬೇಕಾದಂತೆ ಮಾಡಿಕೊಂಡಿತ್ತು.

"ಬಿಟ್ಟು ಬಂದ್ಯಲ್ಲ, ಅವ್ನು ಏನಂದ?" ಎಂದ ದೊಡ್ಡಪ್ಪ.

"ಏನೂ ಅನ್ಲಿಲ್ಲ."

"ನೀನೇನ್ ಕೇಳ್ದೆ?"

ಕೈಲಿದ್ದ ಕಾಗದ ಮಡಚಿದೆ.

"ತಪ್ಪಿಸ್ಕಂಡಿದ್ದು ವಾಪಸ್ ಬಂದ್ರೆ ಮೈಯೆಲ್ಲ ಮುಟ್ಟಿ ನೋಡ್ಬೇಕು ಕಣಲೇ. ಎಲ್ಲಿ ಗಾಯ ಆಗೈತೋ ಏನೋ."

ಹಟ್ಟಿಯ ಹಿಂದಿನ ಬಯಲಿಗೆ ಹೋಗಿ ನಾಸರ್‌ಗೆ ಫೋನು ಮಾಡಿದೆ. ಮೂರು ವರ್ಷದಲ್ಲಿ ಮೊದಲ ಸಲ. ನನ್ನ ಹರಕು ಅರಬ್ಬಿಯಲ್ಲಿ ಕೇಳಿದೆ, ಆವತ್ತು ಬಸ್ ಹೊರಟದ್ದು ನಿನಗೆ ಕಾಣಲಿಲ್ಲವೇ?

"ಕಂಡಿತು. ಕೂಗಿದರೆ ಕೇಳಿಸುವಷ್ಟು ಹತ್ತಿರವೇ ಇದ್ದೆ."

"ಮತ್ತೆ?"

"ನಾನಿಲ್ಲದ್ದು ನಿಮಗೆ ಯಾವಾಗ ತಿಳಿಯುತ್ತದೋ ನೋಡೋಣ ಅನ್ನಿಸಿತು, ಕೋಚ್."

ಇಬ್ಬರೂ ಫೋನು ಇಡಲಿಲ್ಲ. ಗೋಡೆಯ ಬುಡದಲ್ಲಿ ಒಬ್ಬನೇ ಕೂತವನ ಒಂದೊಂದು ನಿಮಿಷವೂ ಎಷ್ಟು ಉದ್ದ ಎಂದು ನನಗೆ ಯಾರೂ ವಿವರಿಸಬೇಕಿರಲಿಲ್ಲ. ಅಂಥ ನಿಮಿಷಗಳಲ್ಲೇ ಮೂರು ವರ್ಷ ಕಳೆದವನು ನಾನು. ಆದರೂ ನನಗದು ಕಾಣಲಿಲ್ಲ.

ಈಗ ಜಗುಲಿಯ ಮೇಲೆ ಕೂತು ವಿವರಣೆಯ ಹಳೆಯ ಸಾಲು ಹೊಡೆದುಹಾಕಿದ್ದೇನೆ. ಕರಾರು ಉಳಿಯುತ್ತದೋ ಇಲ್ಲವೋ, ಕಳಿಸುತ್ತಿರುವುದು ಇಷ್ಟೇ: 'ನಾನು ಎಣಿಸಲಿಲ್ಲ. ನೋಡಲೂ ಇಲ್ಲ.'