ಸೊನ್ನೆಗೆ ಇಟ್ಟ ನೀರು

ನಾನು ಅವರನ್ನು ಮೊದಲು ಕಂಡದ್ದು ಕೊಳಚೆ ನೀರು ಶುದ್ಧೀಕರಣ ಘಟಕದ ಕೊನೆಯ ಕಾಲುವೆಯ ಬಳಿ, ಕೆಲಸಕ್ಕೆ ಸೇರಿದ ದಿನ ಬೆಳಿಗ್ಗೆ. ಕಬ್ಬಿಣದ ಜಾಲರಿಯ ಮೇಲೆ ಮಂಡಿಯೂರಿ ಕೂತಿದ್ದರು. ತೊಡೆಯ ಮೇಲೆ ಮೊಳದುದ್ದದ ಉಕ್ಕಿನ ಕೊಳವೆ. ಅದರ ನಡುವೆ ಬೆರಳು ತೂರುವಷ್ಟು ಸಂದು, ಸಂದಿನ ಎರಡೂ ಕಡೆ ಅಂಗಿಗುಂಡಿಯಷ್ಟಗಲದ ಗಾಜು. ಮಗುವಿನ ಕಿವಿ ಒರೆಸುವ ಹಾಗೆ ಹತ್ತಿಯಿಂದ ಆ ಗಾಜನ್ನು ಒರೆಸುತ್ತಿದ್ದರು. ನನ್ನ ನೆರಳು ಬಿದ್ದಾಗ ತಲೆ ಎತ್ತದೆ, "ಸ್ವಲ್ಪ ಆಕಡೆ ಸರೀರಿ. ಇದಕ್ಕೂ ಬೆಳಕು ಬೇಕು, ನನಗೂ ಬೇಕು" ಎಂದರು.

ಎಲ್ಲರೂ ಅವರನ್ನು ಗಾಜಕ್ಕ ಎನ್ನುತ್ತಿದ್ದರು. ಆ ಕೊಳವೆ ಸ್ಪೆಕ್ಟ್ರೋಮೀಟರ್. ಒಂದು ಗಾಜಿನಿಂದ ಹೊರಟ ಬೆಳಕು ನೀರು ದಾಟಿ ಇನ್ನೊಂದನ್ನು ಸೇರುವಷ್ಟರಲ್ಲಿ ಎಷ್ಟು ಕುಗ್ಗಿತೆಂದು ನೋಡಿ, ನೀರಿನಲ್ಲಿ ಕರಗಿ ಉಳಿದ ಕೊಳೆಯನ್ನು ಅಂಕಿಯಾಗಿ ತೋರಿಸುತ್ತದೆ. ಕಣ್ಣಿಗೆ ತಿಳಿಯಾಗಿ ಕಾಣುವ ನೀರೂ ಅದರ ಮುಂದೆ ಬಾಯಿ ಬಿಡಬೇಕು. ಗಾಜಕ್ಕ ಅದನ್ನು ನನಗೆ ಹೇಳಿಕೊಟ್ಟದ್ದು ಹೀಗೆ: "ನೀರು ಗಂಡಿನ ಥರ. ಮೇಲೆ ನೋಡಿ ಒಪ್ಪಬಾರದು, ಒಳಗೆ ಬೆಳಕು ಹಾಯಿಸಿ ನೋಡಬೇಕು. ನನ್ನ ಗಂಡನ ವಿಷಯದಲ್ಲಿ ನಾನು ಹಾಗೆ ಮಾಡಲಿಲ್ಲ."

ಗಂಡನನ್ನು ಬಿಟ್ಟು ಬಂದಾಗ ಅವರನ್ನು ತನ್ನ ಮನೆಗೆ ಸೇರಿಸಿಕೊಂಡವನು ತಮ್ಮ. ಘಟಕದ ನೀರು ಹರಿದು ಹೋಗುವ ಕಡೆ ಮೀನುಮರಿ ಸಾಕುವ ಹೊಂಡಗಳು ಗುತ್ತಿಗೆಗೆ ಬಂದಾಗ, ಕೊಳಚೆಯಿಂದ ಬಂದ ನೀರಲ್ಲವೇ ಎಂದು ಅವನು ಹಿಂದೆಮುಂದೆ ನೋಡಿದ. "ನೀರು ನೋಡೋಳು ನಾನೇ ಇರುವಾಗ ನಿನಗ್ಯಾಕೋ ಭಯ" ಎಂದು ಅಕ್ಕನೇ ಒಪ್ಪಿಸಿದರು. ಆರಂಭದಲ್ಲಿ ಮರಿಗಳು ಚೆನ್ನಾಗಿಯೇ ಬಂದವು.

ಸ್ಪೆಕ್ಟ್ರೋಮೀಟರಿಗೆ ವಾರಕ್ಕೊಮ್ಮೆ ಸೊನ್ನೆ ಹೇಳಿಕೊಡಬೇಕು. ಬ್ಯಾಟರಿಗೆ ಹಾಕುವಂಥ ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಶುದ್ಧ ನೀರೆಂದರೆ ಇದು ಎಂದು ಗುಂಡಿ ಒತ್ತಬೇಕು. ಆಮೇಲೆ ಅದು ಪ್ರತಿ ನೀರನ್ನೂ ಅದಕ್ಕೆ ಹೋಲಿಸಿ ನೋಡುತ್ತದೆ. ಒಮ್ಮೆ ಆ ನೀರಿನ ಕ್ಯಾನುಗಳು ಬರುವುದು ನಿಂತಿತು. ಮ್ಯಾನೇಜರನ್ನು ಕೇಳಿದರೆ ಅವರು ಕೊನೆಯ ಕಾಲುವೆ ತೋರಿಸಿ, ಇಷ್ಟು ತಿಳಿಯಾಗಿದೆಯಲ್ಲ, ಇದರಲ್ಲೇ ಅದ್ದಿ ಎಂದರು. ಸ್ವಲ್ಪ ದಿನದ ಮಟ್ಟಿಗೆ ತಾನೇ ಎಂದು ಗಾಜಕ್ಕ ಬಕೆಟ್ಟಿನಲ್ಲಿ ಕಾಲುವೆ ನೀರು ಮೊಗೆದು ಸೊನ್ನೆ ಹಿಡಿಸಿದರು. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ.

ಅದೇ ಸಮಯದಲ್ಲಿ ಘಟಕದಲ್ಲಿ ನೀರು ಶುದ್ಧಿಯಾಗುವ ತೊಟ್ಟಿಗೆ ಗಾಳಿ ಊದುವ ಯಂತ್ರವೊಂದು ಸೊರಗುತ್ತಿತ್ತು. ನೀರು ವಾರದಿಂದ ವಾರಕ್ಕೆ ಕೆಡುತ್ತಿತ್ತು. ಕೆಟ್ಟ ನೀರನ್ನೇ ಶುದ್ಧವೆಂದು ಕಲಿಯುತ್ತ ಬಂದ ಸ್ಪೆಕ್ಟ್ರೋಮೀಟರು ಮಾತ್ರ ಪರದೆಯ ಮೇಲೆ ಚಿಕ್ಕ ಅಂಕಿಗಳನ್ನೇ ತೋರಿಸುತ್ತಿತ್ತು. ಉಳಿದ ಕೊಳೆ ನೀರಿನೊಳಗಿನ ಉಸಿರನ್ನು ತಿನ್ನುತ್ತದೆ. ತಮ್ಮನ ಹೊಂಡದಲ್ಲಿ ಮರಿಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಅವನು ಓಡಿ ಬಂದಾಗ ಅಕ್ಕ ಪರದೆ ತೋರಿಸಿ, ನೀರು ಸರಿಯಾಗಿದೆ, ನೀನು ಮೇವು ಜಾಸ್ತಿ ಹಾಕಿ ಕೆಡಿಸಿದ್ದೀಯ ಎಂದು ಗದರಿಸಿ ಕಳಿಸಿದರು. ಅವನು ಮೇವು ಕಡಿಮೆ ಮಾಡಿದ. ಕೆಲವೇ ದಿನಗಳಲ್ಲಿ ಎಲ್ಲ ಹೊಂಡಗಳ ಮರಿಗಳೂ ಬೆಳ್ಳಗೆ ತೇಲಿದವು.

ಕ್ಯಾನುಗಳು ಬಂದದ್ದು ಆಮೇಲೆ. ಹೊಸ ನೀರಿನಲ್ಲಿ ಕೊಳವೆ ಅದ್ದಿದಾಗ ನಾನು ಪಕ್ಕದಲ್ಲಿದ್ದೆ. ಪರದೆಯ ಮೇಲೆ ಸೊನ್ನೆಗಿಂತ ಬಹಳ ಕೆಳಗಿನ ಅಂಕಿ ಬಂತು. ಗಾಜು ಒರೆಸಿ ಮತ್ತೆ ಅದ್ದಿದರು. ಅದೇ ಅಂಕಿ. ಶುದ್ಧ ನೀರಿಗೂ ನಾವು ಶುದ್ಧವೆಂದು ಹೇಳಿಕೊಟ್ಟ ನೀರಿಗೂ ಇದ್ದ ದೂರ ಅದು.

ತಮ್ಮನು ಸತ್ತ ಮರಿಗಳಿಗೆ ಘಟಕದಿಂದ ಪರಿಹಾರ ಕೇಳಿದ್ದ. ನೀರು ಚೆನ್ನಾಗಿತ್ತೆಂದು ತೋರಿಸಲು ಮ್ಯಾನೇಜರು ಮುಂದಿಡಹೊರಟದ್ದು ಗಾಜಕ್ಕ ತೆಗೆದ ಅಂಕಿಗಳನ್ನೇ. ಅವು ಸುಳ್ಳು ಎಂದು ಅವರು ಹೇಳಿದಾಗ ಮ್ಯಾನೇಜರಿಗೆ ಸಿಟ್ಟೂ ಬರಲಿಲ್ಲ.

"ಕಾಲುವೆ ನೀರಲ್ಲಿ ಅದ್ದಿ ಅಂತ ನಾನು ಹೇಳಿದ್ದನ್ನ ಯಾರು ಕೇಳಿದ್ದಾರಮ್ಮ? ಅದ್ದಿದ ಕೈ ನಿಮ್ಮದು. ಸುಮ್ಮನಿದ್ದರೆ ಕೆಲಸ ಉಳಿಯುತ್ತೆ."

ಗಾಜಕ್ಕ ಸುಮ್ಮನಿರಲಿಲ್ಲ. ವಿಚಾರಣೆಗೆ ಬಂದವರ ಮುಂದೆ ನಡೆದದ್ದೆಲ್ಲ ಹೇಳಿದರು. ನನ್ನನ್ನು ಕರೆದಾಗ ಆ ಸೊನ್ನೆಗಿಂತ ಕೆಳಗಿನ ಅಂಕಿಯ ವಿಷಯ ನಾನೂ ಹೇಳಿದೆ. ವಿಚಾರಣೆಯವರು ಅಂಕಿಗಳು ತಪ್ಪೆಂದು ಒಪ್ಪಿದರು. ತಪ್ಪು ಅದ್ದಿದವಳದು ಎಂದು ಗಾಜಕ್ಕನನ್ನು ಕೆಲಸದಿಂದ ತೆಗೆದರು. ಸರಿಯಾದ ಅಂಕಿಯೇ ಇಲ್ಲದ ಮೇಲೆ ನೀರು ಕೆಟ್ಟಿತ್ತೆನ್ನಲು ಆಧಾರವೆಲ್ಲಿದೆ ಎಂದು ತಮ್ಮನ ಕೋರಿಕೆಯನ್ನೂ ತಳ್ಳಿಹಾಕಿದರು. ನಿಜ ಹೇಳಿದ್ದರಿಂದ ಇಬ್ಬರ ಹೊಟ್ಟೆಯ ಮೇಲೂ ಹೊಡೆತ ಬಿತ್ತು.

ಆ ಸಂಜೆ ಅವರ ಜೊತೆ ನಾನೂ ಮನೆಯವರೆಗೆ ಹೋದೆ. ಹೊಸ್ತಿಲಲ್ಲಿ ತಮ್ಮ ಕೂತು ಬಲೆ ಮಡಿಸುತ್ತಿದ್ದ. ಅಕ್ಕ ಹೇಳಿದ್ದನ್ನೆಲ್ಲ ಕೇಳಿದ.

"ಉಸಿರಿಲ್ಲದೆ ಸಾಯ್ತಿದ್ದ ಮೀನಿಗೆ, ನಿನ್ನ ಮಾತು ಕೇಳಿ ಊಟಾನೂ ಕಡಿಮೆ ಮಾಡಿದೆ ಅಕ್ಕ" ಎಂದ.

ಹೊರಗೆ ಹೋಗು ಎಂದು ಅವನು ಹೇಳಲಿಲ್ಲ. ಅಕ್ಕನಿಗೆ ಒಳಗೆ ಹೋಗಲು ದಾರಿ ಬಿಟ್ಟು ಹೊಸ್ತಿಲಿನಿಂದ ಏಳಲೂ ಇಲ್ಲ.

ಗಾಜಕ್ಕ ಈಗ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸ ಮಾಡುತ್ತಾರೆ. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದಾರೆ.