ಟವೆಲ್ಲಿನ ಕೆಳಗೆ ಎರಡು ದರ

ಬೆಳಿಗ್ಗೆ ಎಂಟೂಕಾಲಿಗೆ ಶಿಕಾರಿಪುರದಲ್ಲಿ ಸೊರಬದ ಬಸ್ಸು ಹತ್ತಿದೆವು. ಜೊತೆಗಿದ್ದ ಯೂಸುಫ್ ಸೊಮಾಲಿಯಾದವರು, ದುಬೈಯಲ್ಲಿ ಮಸಾಲೆ ಪದಾರ್ಥಗಳ ವ್ಯಾಪಾರಿ. ಅವರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ, ಕೊನೆಗೆ ಕರಾರು ಪತ್ರ ತುಂಬುವುದು ನನ್ನ ಕೆಲಸ. ಅರ್ಥಶಾಸ್ತ್ರದ ಎಂ.ಎ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಕಾರು ಬೇಡ, ಸರಕು ಬರುವ ರಸ್ತೆಯನ್ನು ನೋಡಬೇಕು ಎಂದು ಅವರೇ ಬಸ್ಸು ಆರಿಸಿದ್ದರು. ಕಂಡಕ್ಟರ್ ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟಾಗ, ಹೆಂಗಸರಿಗೆ ಉಚಿತ ಎಂದು ವಿವರಿಸಿದೆ. ಅವರು ಆ ಚೀಟಿಯನ್ನು ಕೇಳಿ ತೆಗೆದುಕೊಂಡು ಕಿಸೆಯಲ್ಲಿಟ್ಟರು.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಮಂಡಕ್ಕಿ, ಮಿರ್ಚಿ ತಿಂದೆವು. ಫೆಬ್ರವರಿಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಸೊರಬದ ಹೊರಗೆ, ಶುಂಠಿ ಒಣಗಿಸುವ ಕಣದಲ್ಲಿ ದಾದಾಪೀರ್ ಸಾಹೇಬರು ಕಾಯುತ್ತಿದ್ದರು. ಇಷ್ಟು ವರ್ಷ ಅವರ ಒಣಶುಂಠಿ ಬೇರೆ ಊರಿನ ದಲ್ಲಾಳಿಗಳ ಹೆಸರಿನಲ್ಲಿ ಹಡಗು ಹತ್ತುತ್ತಿತ್ತು. ಈ ಸಲ ತಮ್ಮ ಹೆಸರಿನಲ್ಲೇ ಹೋಗಬೇಕೆಂದು ಹೊಸ ಚೀಲಗಳ ಮೇಲೆ ಹೆಸರು ಅಚ್ಚು ಹಾಕಿಸಿ ಪೇರಿಸಿಟ್ಟಿದ್ದರು. ಸಲಾಮು, ಚಹಾ ಆಯಿತು. ಯೂಸುಫ್ ಒಂದು ತುಂಡು ಶುಂಠಿ ಮುರಿದು ಮೂಸಿ ತಲೆಯಾಡಿಸಿದರು.

ಕಣದಲ್ಲಿ ಬೇರೆ ವ್ಯಾಪಾರಿಗಳಿಬ್ಬರು ಕುಳಿತಿದ್ದರು. ಅವರಿಗೆ ದರ ಗೊತ್ತಾಗಬಾರದೆಂದು ಸಾಹೇಬರು ಹೆಗಲ ಟವೆಲ್ಲನ್ನು ಬಲಗೈ ಮೇಲೆ ಹಾಕಿ ಚಾಚಿದರು. ದನದ ಸಂತೆಯಲ್ಲಿ ಹೀಗೆ ಬೆರಳು ಹಿಡಿದು ದರ ಹೇಳುತ್ತಾರೆ. ನಾನು ವಿವರಿಸುವಷ್ಟರಲ್ಲಿ ಯೂಸುಫರ ಕೈ ಟವೆಲ್ಲಿನೊಳಗೆ ಹೋಗಿತ್ತು. ಅವರ ಊರಿನ ಒಂಟೆ ಸಂತೆಯಲ್ಲೂ ಇದೇ ಪದ್ಧತಿಯಂತೆ. ಅರ್ಧ ನಿಮಿಷದಲ್ಲಿ ಇಬ್ಬರೂ ನಕ್ಕು ಎದೆ ಮುಟ್ಟಿಕೊಂಡರು. ನನ್ನ ಅಗತ್ಯವೇ ಬೀಳಲಿಲ್ಲ.

ಕರಾರಿಗೆ ದರ ಬೇಕಿತ್ತು. ಒಬ್ಬೊಬ್ಬರನ್ನೇ ಮೆಲ್ಲಗೆ ಕೇಳಿದೆ. ಕಿಲೋಗೆ ಮುನ್ನೂರಿಪ್ಪತ್ತು ಎಂದರು ಸಾಹೇಬರು. ಮುನ್ನೂರೈವತ್ತು ಎಂದರು ಯೂಸುಫ್. ಮಾರುವವನಿಗಿಂತ ಕೊಳ್ಳುವವನ ದರ ಹೆಚ್ಚು. ನಾನೇ ತಪ್ಪಾಗಿ ಕೇಳಿಸಿಕೊಂಡೆನೆಂದುಕೊಂಡೆ. ಎರಡೂ ದರ ಹೇಳಿದಾಗ ಅವರಿಬ್ಬರೂ ಬೆರಳು ತಪ್ಪಿತೆಂದುಕೊಂಡು ಮತ್ತೆ ಟವೆಲ್ ಹಾಕಿದರು. ಮತ್ತೆ ಅವೇ ಎರಡು ದರ.

ಕೊನೆಗೆ ಬೆರಳು ತೋರಿಸಿ ಎಂದು ಕೇಳಿಕೊಂಡೆ. ಮೂರು ಬೆರಳು ಹಿಡಿದರೆ ಮುನ್ನೂರು, ಅದರಲ್ಲಿ ತಕರಾರಿರಲಿಲ್ಲ. ಆಮೇಲೆ ಕಿರುಬೆರಳಿನ ನಡುಗೆರೆ ಒತ್ತಿದ್ದರು. ನಮ್ಮವರು ಬೆರಳಿನ ಗೆರೆ ಎಣಿಸುತ್ತಾರೆ. ಸಾಹೇಬರಿಗೆ ಅದು ಎರಡನೆಯ ಗೆರೆ, ಗೆರೆಗೆ ಹತ್ತರಂತೆ ಇಪ್ಪತ್ತು. ಯೂಸುಫರಿಗೆ ಅದು ಅರ್ಧ ಬೆರಳು, ನೂರರಲ್ಲಿ ಅರ್ಧ, ಐವತ್ತು.

ಈಗ ಸಲೀಸಾಗುತ್ತದೆ ಎಂದುಕೊಂಡೆ. ಆಗಲಿಲ್ಲ.

"ನಾನು ಕೈ ಹಿಡಿದು ಇಪ್ಪತ್ತು ಅಂದಿದೀನಿ ಕಣಮ್ಮ," ಎಂದರು ಸಾಹೇಬರು. "ಮೇಲಿನ ಮೂವತ್ತು ತಗೊಂಡ್ರೆ ಆ ಚೀಲದ ಮೇಲೆ ನನ್ನ ಹೆಸರು ಯಾಕೆ?"

ತಮ್ಮ ಕೈ ಒಪ್ಪಿದ್ದು ಐವತ್ತಕ್ಕೆ, ಕಡಿಮೆ ಕೊಟ್ಟು ಊರಿಗೆ ಹೋಗಲಾರೆ ಎಂದರು ಯೂಸುಫ್. ಅದನ್ನು ಕನ್ನಡದಲ್ಲಿ ಹೇಳಿದಾಗ ಕುಳಿತಿದ್ದ ವ್ಯಾಪಾರಿಯೊಬ್ಬ, "ಇಬ್ಬರಿಗೂ ಬ್ಯಾಡಾದ ಆ ಮೂವತ್ತು ನಮ್ಮ ಕಡೆ ದಬ್ಬಿ ಸಾಹೇಬ್ರೇ," ಎಂದ. ಯೂಸುಫ್ ತಮ್ಮ ಚೀಲ ಹೆಗಲಿಗೇರಿಸಿ ಎದ್ದು ನಿಂತರು. ಸಾಹೇಬರು ಅಚ್ಚು ಹಾಕಿಸಿದ ಚೀಲಗಳನ್ನೇ ನೋಡುತ್ತಿದ್ದರು. ನಾನು ಓದಿದ ಅರ್ಥಶಾಸ್ತ್ರದಲ್ಲಿ ಇಂಥ ತಿರುಗಾಮುರುಗಾ ಚೌಕಾಸಿ ಇರಲಿಲ್ಲ. ಬಾಯಿಗೆ ಬಂದದ್ದನ್ನು ಇಬ್ಬರಿಗೂ ಹೇಳಿದೆ: "ಕೈ ಎರಡು ಸಲ ಬೇರೆಬೇರೆ ಹೇಳಿದೆ ಅಂದ್ರೆ ಇನ್ನೂ ಮಾತೇ ಆಗಿಲ್ಲ."

ಸಾಹೇಬರು ಟವೆಲ್ ಕೊಡವಿ ಮತ್ತೆ ಕೈ ಚಾಚಿದರು. ಈ ಸಲ ಬಹಳ ಹೊತ್ತಾಯಿತು. ಆಮೇಲೆ ಇಬ್ಬರೂ ಒಂದೇ ದರ ಹೇಳಿದರು. ಅದಕ್ಕೆ ಹೇಗೆ ಬಂದರೆಂದು ಹೇಳಲಿಲ್ಲ. ಮೊದಲಿನ ಎರಡು ದರಗಳಿಂದ ಇನ್ನು ಯಾರಿಗೂ ಉಪಯೋಗವಿಲ್ಲ, ಅದಕ್ಕೇ ಇಲ್ಲಿ ಹೇಳಿದೆ. ಈ ಮೂರನೆಯದನ್ನು ಕರಾರಿನಲ್ಲಿ ಬರೆದೆ, ಇಲ್ಲಿ ಬರೆಯಲಾರೆ.

ಸಂಜೆಯ ಬಸ್ಸು ಹೊರಟಾಗ ಹೊಸ ಚೀಲಗಳಿಗೆ ಶುಂಠಿ ತುಂಬುತ್ತಿದ್ದುದು ಕಿಟಕಿಯಿಂದ ಕಂಡಿತು. ಯೂಸುಫ್ ನಿದ್ದೆ ಹೋದರು. ನಾನು ದುಪಟ್ಟಾದ ಕೆಳಗೆ ನನ್ನದೇ ಕಿರುಬೆರಳಿನ ನಡುಗೆರೆ ಒತ್ತಿ ನೋಡಿದೆ. ಹುಟ್ಟಿದಾಗಿನಿಂದ ಅದು ಎರಡೇ ಆಗಿತ್ತು. ಶಿರಾಳಕೊಪ್ಪ ದಾಟುವ ಹೊತ್ತಿಗೆ ಅದು ಅರ್ಧವೂ ಆಗಿ ಕಾಣತೊಡಗಿತು.