ಟೇಷನ್‌ಪಾಳ್ಯದಲ್ಲಿ ಹೊಡೆದ ಎರಡು ಸೀಟಿ

೧೯೭೮ರಲ್ಲಿ ನಾನು ಗಾಂಧಿ ಬಜಾರಿಗೆ ಬರುವ ಬೆಳಗಿನ ಮೊದಲ ಬಸ್ಸಿನ ಕಂಡಕ್ಟರ್. ಓದಿದ್ದು ಏಳನೇ ಕ್ಲಾಸು. ನಮ್ಮ ದಾರಿಯಲ್ಲಿ, ಊರಾಚೆ, ಟೇಷನ್‌ಪಾಳ್ಯ ಅಂತ ನಾಲ್ಕಾರು ಮನೆಗಳ ಹಟ್ಟಿ. ಹಿಂದೆ ಅಲ್ಲಿ ಪ್ಯಾಸೆಂಜರ್ ರೈಲು ನಿಲ್ಲುತ್ತಿತ್ತು, ಅದರಿಂದಲೇ ಆ ಹೆಸರು. "ಮನೆ ಬಾಗಿಲಿಗೇ ರೈಲು ಬರುತ್ತೆ" ಅಂತ ಒಪ್ಪಿಸಿ ತಂಗಿ ಜಯಳನ್ನು ಅಲ್ಲಿಗೆ ಕೊಟ್ಟವನು ನಾನೇ. ಮದುವೆಯಾದ ಮೇಲೆ ರೈಲು ನಿಲ್ಲುವುದು ತಪ್ಪಿತು. ಹೆಸರು ಮಾತ್ರ ಉಳಿಯಿತು.

ಜಯ ಕನಕಾಂಬರ ಬೆಳೆದು ಗಾಂಧಿ ಬಜಾರಿನ ಹೂವಿನಂಗಡಿಗೆ ಕೊಡುತ್ತಿದ್ದಳು. ಪೂಜೆಯ ಹೊತ್ತಿಗಿಂತ ಮುಂಚೆ ತಲುಪಿದರೆ ಮಾತ್ರ ಬೆಲೆ. ಪಾಳ್ಯದಲ್ಲಿ ಸ್ಟಾಪ್ ಇರಲಿಲ್ಲ. ಆದರೂ ಒಂದೆರಡು ದಿನ ಅವಳಿಗಾಗಿ ನಿಲ್ಲಿಸಿದೆವು. ಡಿಪೋದಲ್ಲಿ ಗೇಲಿ ಶುರುವಾಯಿತು: "ಏನ್ ಗುರು, ತಂಗಿಗೆ ಬಳುವಳಿ ಅಂತ ಬಸ್ಸೇ ಕೊಟ್ಬಿಟ್ಯಂತೆ."

ಮೈಯೆಲ್ಲ ಉರಿಯಿತು. ಮರುದಿನ ಜಯ ಬುಟ್ಟಿ ಹೊತ್ತು ಕೈ ತೋರಿಸಿದಳು. ಡ್ರೈವರ್ ಮುನಿಯಪ್ಪ ನಿಧಾನ ಮಾಡಿದ. ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡಾದರೆ ಹೋಗಬೇಕು. ನಾನು ಎರಡು ಹೊಡೆದೆ. ಆಮೇಲೆ ದಿನವೂ ಅದೇ. ಅವಳು ಮುಂದಿನ ಊರಿಗೆ ನಡೆದು ಎರಡನೇ ಬಸ್ಸು ಹಿಡಿಯುತ್ತಿದ್ದಳು.

ಪಾಳ್ಯದವರು ಸ್ಟಾಪ್ ಕೇಳಿಕೊಂಡು ಡಿಪೋಗೆ ಬಂದರು. ಮ್ಯಾನೇಜರು ನನ್ನನ್ನು ಕರೆದರು.

"ಅಲ್ಲಿ ಜನ ಹತ್ತುತ್ತಾರೇನ್ರೀ?"

"ಯಾರೂ ಹತ್ತಲ್ಲ ಸಾರ್."

ನಿಲ್ಲಿಸದ ಬಸ್ಸಿಗೆ ಯಾರು ಹತ್ತುತ್ತಾರೆ? ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅರ್ಜಿ ಅಲ್ಲಿಗೇ ಮುಗಿಯಿತು.

ಕೆಲವು ತಿಂಗಳಿಗೆ ಅಂಗಡಿಯವನು ಬೇರೆಯವರ ಹೂವು ಹಿಡಿದ. ಬಾಡಿದ ಬುಟ್ಟಿ ಮುಂದಿಟ್ಟುಕೊಂಡು ಬಜಾರಿನಲ್ಲಿ ಕೂತಿದ್ದ ಜಯ ಕೇಳಿದಳು: "ಡ್ರೈವರಣ್ಣ ನಿಲ್ಲಿಸಕ್ಕೇ ನೋಡ್ತಾನೆ. ನೀನ್ಯಾಕಣ್ಣ ಸೀಟಿ ಹೊಡೀತೀಯ?"

"ಜನ ಆಡ್ಕೋತಾರೆ ಕಣೇ."

"ನಾನೇನು ಬಿಟ್ಟಿ ಬರ್ತಿದ್ನಾ? ಟಿಕೆಟ್ ತಗೋತಿದ್ನಲ್ಲ."

ಮರುದಿನವೇ ಮ್ಯಾನೇಜರ ಮುಂದೆ ನಿಜ ಹೇಳಿದೆ. "ಆವತ್ತೇ ಹೇಳಕ್ಕೇನಾಗಿತ್ತು ನಿಮಗೆ?" ಎಂದು ಬೈದರು. ಮತ್ತೆ ಅರ್ಜಿ, ಮತ್ತೆ ಸರ್ವೆ, ಮತ್ತೆ "ನಾಳೆ ಬನ್ನಿ". ರೈಲ್ವೆ ಟೇಷನ್ ಇರುವ ಊರಿಗೆ ಬಸ್ಸು ಯಾಕೆ ಅಂತ ಒಬ್ಬ ಸಾಹೇಬರು ಬರೆದರು. ಅವರಿಗೆ ಅಲ್ಲಿ ರೈಲಿಲ್ಲ ಅಂತ ತಿಳಿಸುವುದಕ್ಕೇ ಒಂದು ವರ್ಷ ಹಿಡಿಯಿತು. ಸ್ಟಾಪ್ ಬಂದದ್ದು ೧೯೮೩ರಲ್ಲಿ. ಅಷ್ಟರಲ್ಲಿ ಜಯ ಹೂವಿನ ಗಿಡ ಕಿತ್ತು ಹಾಕಿ, ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು.

ಆಡಿಕೊಳ್ಳುವವರಿಗೆ ಹೆದರಿ ಮಾಡಿದ್ದನ್ನೇ ನಾನು ನಿಯತ್ತು ಅಂದುಕೊಂಡಿದ್ದೆ. ನನ್ನ ನಿಯತ್ತಿಗೆ ನಷ್ಟ ಯಾರಿಗೆ ಅಂತ ಮೊದಲು ನೋಡಬೇಕಿತ್ತು. ಕೆಲಸ ಅದನ್ನು ಕಲಿಸಿತು, ತಡವಾಗಿ.

ಸ್ಟಾಪ್ ಬಂದ ಮೊದಲ ದಿನ ಜಯ ಹೊಸ ಬೋರ್ಡಿನ ಕೆಳಗೆ ನಿಂತಿದ್ದಳು, ಬುಟ್ಟಿ ಇರಲಿಲ್ಲ. ಒಂದು ಸೀಟಿ ಹೊಡೆದೆ.

"ಹತ್ತು ಜಯ."

"ಎಲ್ಲಿಗಣ್ಣ?" ಅಂದಳು.

ಉಳಿದವರೆಲ್ಲ ಹತ್ತಿಯಾಗಿತ್ತು. ಎರಡು ಸೀಟಿ ಹೊಡೆದೆ.